ಆದವಾನಿಯ ಬಂಡೆಗಳೂ ಚಿತ್ರದ ಪಾಠವೂ

ಗುಂತಕಲ್ಲಿನಿಂದ ರಾಯಚೂರಿನತ್ತ ಸಾಗುವ ರೈಲಿನ ಕಿಟಕಿಯಲ್ಲಿ ಎರೆಭೂಮಿಯ ಹತ್ತಿಹೊಲಗಳು ಹಿಂದೆ ಸರಿಯುತ್ತಿದ್ದಂತೆ, ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳ ಬೆಟ್ಟ ಎದುರಾಗುತ್ತದೆ. ಅದೇ ಆದವಾನಿ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಪಾಲಾದವು. ಗಡಿ ಬದಲಾದರೂ ಅನೇಕ ಮನೆಗಳಲ್ಲಿ ಕನ್ನಡ ಉಳಿದುಕೊಂಡಿತು.

ಈ ಊರಿಗೂ ಚಿತ್ರಕಲೆಗೂ ಇರುವ ಹಳೆಯ ನಂಟು ಹಲವರಿಗೆ ತಿಳಿಯದು. ಬಿಜಾಪುರದ ಆದಿಲಶಾಹಿಯ ಸರದಾರ ಸಿದ್ದಿ ಮಸೂದಖಾನನು 17ನೆಯ ಶತಮಾನದಲ್ಲಿ ಇಲ್ಲಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದನು, ಚಿತ್ರಕಾರರಿಗೂ ಆಶ್ರಯವಿತ್ತನು. 1688ರಲ್ಲಿ ಕೋಟೆಯು ಮೊಗಲರ ವಶವಾಯಿತು. ಮೊಗಲರ ಸೇನೆಯಲ್ಲಿದ್ದ ಬಿಕಾನೇರದ ಅರಸು ಅನೂಪಸಿಂಹನು ಇಲ್ಲಿ ದೊರೆತ ಚಿತ್ರಗಳನ್ನು ತನ್ನ ನಾಡಿಗೆ ಸಾಗಿಸಿದನು. ಅವನು 1698ರಲ್ಲಿ ಆದವಾನಿಯಲ್ಲಿಯೇ ತೀರಿಕೊಂಡನು. ಚಿತ್ರಗಳು ಮಾತ್ರ ಹಿಂದಿರುಗಲಿಲ್ಲ.

ಚಿತ್ರ ಕಲಿಸುವ ಬೆಟ್ಟ ಇಲ್ಲಿಯೇ ಇದೆ. ಬೆಳಗಿನ ಬಿಸಿಲಿನಲ್ಲಿ ಒಂದು ಬಂಡೆಯ ಪಕ್ಕ ಬೆಳಗಿ, ಇನ್ನೊಂದು ಪಕ್ಕ ನೆರಳಾಗುವುದನ್ನು ಹದಿನಾಲ್ಕು ವರ್ಷದ ಹುಡುಗಿ ಪೆನ್ಸಿಲಿನಿಂದ ಬರೆಯತೊಡಗಿದರೆ, ದುಂಡನೆಯ ವಸ್ತುವನ್ನು ಚಪ್ಪಟೆ ಕಾಗದದ ಮೇಲೆ ತೋರಿಸುವ ವಿದ್ಯೆ ಅವಳಿಗೆ ಕೈಗೂಡುತ್ತದೆ. ಕೋಟೆಯ ಗೋಡೆ ದೂರವಾದಷ್ಟೂ ಚಿಕ್ಕದಾಗಿ ಕಾಣುವ ಕ್ರಮವೂ ಅಲ್ಲಿಯೇ ತಿಳಿಯುತ್ತದೆ. ತೆಲುಗು ಬಲ್ಲ ಶಿಕ್ಷಕರು ‘ನೀಡ’ ಎಂದರೂ ಕನ್ನಡದ ಮಗು ‘ನೆರಳು’ ಎಂದರೂ ಬೆರಳು ತೋರುವುದು ಒಂದನ್ನೇ. ಅವರ ‘ಮುಗ್ಗು’ ನಮ್ಮ ರಂಗೋಲಿಯೇ ಆಗಿದೆ.

ಆದರೆ ಈ ಪಾಠವು ಕನ್ನಡ ಶಾಲೆಯ ಮಕ್ಕಳಿಗೆ ದಕ್ಕುವುದು ಸುಲಭವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, 6ರಿಂದ 8ನೆಯ ತರಗತಿಗಳಲ್ಲಿ ಮಕ್ಕಳ ಸಂಖ್ಯೆ 100ನ್ನು ಮೀರಿದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಮಕ್ಕಳು ಕಡಿಮೆಯಿರುವ ಶಾಲೆಗೆ ಆ ನಿಯಮ ಅನ್ವಯಿಸದು. 9 ಮತ್ತು 10ನೆಯ ತರಗತಿಗಳು ಆ ಅನುಸೂಚಿಯ ಹೊರಗೇ ಉಳಿಯುತ್ತವೆ. ಸಂವಿಧಾನದ 350ಎ ವಿಧಿಯು ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೀಗೆ ಕೈ ಪಳಗುವ ವಯಸ್ಸಿನಲ್ಲಿಯೇ ಕನ್ನಡದ ಮಗುವಿಗೆ ಕಾನೂನಿನ ಆಸರೆ ತೆಳುವಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 10ನೆಯ ತರಗತಿಯವರೆಗೂ ಕಲೆಯು ಕಲಿಕೆಯ ಭಾಗವಾಗಿರಬೇಕೆಂದು ಸೂಚಿಸಿದೆಯಾದರೂ ಅದು ಸಲಹೆಯೇ ಹೊರತು ಶಾಸನವಲ್ಲ.

ದಾರಿಯಂತೂ ಇದೆ. ಅದೇ ಕಾಯಿದೆಯ 21ನೆಯ ಕಲಮಿನಂತೆ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಯರು ಅಥವಾ ಪೋಷಕರೇ ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಆ ಸಮಿತಿಯೇ. ಪೋಷಕರು ಆ ಯೋಜನೆಯಲ್ಲಿ ಚಿತ್ರಕಲೆಗೆ ವಾರಕ್ಕೊಂದು ಅವಧಿಯನ್ನೂ ಒಬ್ಬ ಬೋಧಕರನ್ನೂ ಲಿಖಿತವಾಗಿ ಕೇಳಬಹುದು. ಪ್ರೌಢಶಾಲೆಯ ಮೆಟ್ಟಿಲು ಹತ್ತುವ ಮಗುವಿನ ಕೈಗೆ ಆ ವೇಳೆಗೆ ಪೆನ್ಸಿಲು ಒಗ್ಗಿರುತ್ತದೆ. ಮುಂದೆ ಸರ್ಕಾರದ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳಿಗೆ ಕುಳಿತುಕೊಳ್ಳಲು ಆ ಅಭ್ಯಾಸವೇ ಬುನಾದಿಯಾಗುವುದು.