ಬಸಳೆಗಿಂತ ಮೊದಲು ಬಳೆ

ಕೆಲವರಿಗೆ ಇಸ್ಪೀಟು, ಕೆಲವರಿಗೆ ಬಯಲಾಟ, ನನಗೆ ಸಿ ಭಾಷೆ. ಆಟಿಯ ಮಳೆಗೆ ವಾಮದಪದವಿನಲ್ಲಿ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನನ್ನ ಆಟಕ್ಕೆ ಅಡ್ಡಿಯಿಲ್ಲ. ಇಂಟರ್ನೆಟ್ಟೂ ಬೇಡ. ಲಿನಕ್ಸಿನ ಮ್ಯಾನ್ ಪುಟಗಳು ಯಂತ್ರದೊಳಗೇ ಇವೆ. ಎರಡನೇ ವಿಭಾಗದಲ್ಲಿ ಸಿಸ್ಟಮ್ ಕರೆಗಳು, ಮೂರನೆಯದರಲ್ಲಿ ಲೈಬ್ರರಿ ಫಂಕ್ಷನ್‌ಗಳು. "ಇಷ್ಟು ಹೊತ್ತಿಗೆ ಎಂಥ ಓದುವುದು ಮಾರಾಯ್ರೆ?" ಎಂದು ಮನೆಯವಳು ಕೇಳುವುದುಂಟು. ಏನೆಂದು ಹೇಳಲಿ? ನನಗೆ ರುಚಿ ಹತ್ತಿರುವುದು ಫಂಕ್ಷನ್ನಿನ ಹೆಸರಿನ ಮುಂದಿನ ಆವರಣದೊಳಗೆ: ಯಾವುದು ಮೊದಲು, ಯಾವುದು ಆಮೇಲೆ, ಬೆಲೆ ಕೊಡಬೇಕೋ ವಿಳಾಸ ಕೊಡಬೇಕೋ.

ಈ ಲೈಬ್ರರಿಯಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಎಫ್‌ಪ್ರಿಂಟ್‌ಎಫ್‌ಗೆ ಕಡತ ಮೊದಲು ಬೇಕು, ಎಫ್‌ಪುಟ್ಸ್‌ಗೆ ಕೊನೆಗೆ. ಮೆಮ್‌ಸೆಟ್‌ಗೆ ಜಾಗ, ತುಂಬಬೇಕಾದ ಬೆಲೆ, ಅಳತೆ ಎಂಬ ಕ್ರಮದಲ್ಲಿ ಕೊಡಬೇಕು. ಸೊನ್ನೆ ತುಂಬಿಸಲು ಹೊರಟವರು ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಅದು ಸೊನ್ನೆ ಬೈಟುಗಳನ್ನು ತುಂಬಿ, ಅಂದರೆ ಏನನ್ನೂ ಮಾಡದೆ, ಗಂಭೀರವಾಗಿ ವಾಪಸು ಬರುತ್ತದೆ. ಕರ್ನಿಹಾನ್, ರಿಚಿಯವರ 1978ರ ಪುಸ್ತಕದ ಸಿಯಲ್ಲಿ ಕೊಟ್ಟದ್ದನ್ನು ತಾಳೆ ನೋಡುವ ಪ್ರೋಟೊಟೈಪ್ ಎಂಬುದೇ ಇರಲಿಲ್ಲ. ಅದು ಬಂದದ್ದು 1989ರ ಮಾನಕದಲ್ಲಿ. ಆದರೂ ಎರಡೂ ಪೂರ್ಣಾಂಕಗಳೇ ಆದಲ್ಲಿ ಪ್ರೋಟೊಟೈಪ್ ತಾನೇ ಏನು ಮಾಡೀತು?

ಕನ್ನಡ ಕೊಟ್ಟಾಗ ಆಟ ಇನ್ನೂ ರಂಗೇರುತ್ತದೆ. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದಾಗಿ ಬೆರಳಿಗೆ ಕನ್ನಡ ಸಲೀಸು. ಸಿಗೆ ಮಾತ್ರ ಅದು ಬರೀ ಬೈಟು. ಯುಟಿಎಫ್-8ರಲ್ಲಿ 'ಬಸಳೆ' ಕಣ್ಣಿಗೆ ಮೂರಕ್ಷರ, ಒಳಗೆ 12 ಬೈಟು. ಕೊನೆಯ ಶೂನ್ಯ ಸೇರಿ 13. ಎಫ್‌ಗೆಟ್ಸ್ ಸಾಲಿನ ಕೊನೆಯ ಗುರುತನ್ನೂ ಹೊತ್ತು ತರುವುದರಿಂದ ಅದಕ್ಕೆ ಹೇಳಬೇಕಾದ ಅಳತೆ ಕನಿಷ್ಠ 14. ಪ್ರತಿ ಕನ್ನಡ ಅಕ್ಷರದ ಮೊದಲ ಬೈಟು 224. ಚಾರ್‌ಗೆ ಋಣಚಿಹ್ನೆ ಇರುವ ಯಂತ್ರಗಳಲ್ಲಿ ಅದು -32 ಆಗಿಬಿಡುತ್ತದೆ. ಈಸ್‌ಆಲ್ಫಾದಂಥವು ಒಪ್ಪುವುದು 0ಯಿಂದ 255 ಮತ್ತು ಇಒಎಫ್ ಮಾತ್ರ. ಆದ್ದರಿಂದ ಅನ್‌ಸೈನ್ಡ್ ಚಾರ್ ಮಾಡಿಯೇ ಕೊಡಬೇಕು.

ನನ್ನ ಮೆಚ್ಚಿನದು ಕ್ಯೂಸಾರ್ಟ್. ಊರಿನ ಆಡುಮಾತಿನ ಪದಗಳ ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸಲು ಅದನ್ನು ಕರೆಯುತ್ತೇನೆ. ಕೇಳುವುದು ನಾಲ್ಕು: ಪಟ್ಟಿಯ ಆರಂಭ, ಎಷ್ಟು ಪದ, ಒಂದೊಂದರ ಅಳತೆ, ಹೋಲಿಸುವ ಫಂಕ್ಷನ್. ಪಟ್ಟಿಯಲ್ಲಿರುವುದು ಪದಗಳ ವಿಳಾಸವಾದ್ದರಿಂದ ಅಳತೆ ಪದದ್ದಲ್ಲ, ಪಾಯಿಂಟರಿನದು, 64 ಬಿಟ್ ಲಿನಕ್ಸಿನಲ್ಲಿ 8 ಬೈಟು. ಸೊಗಸಿರುವುದು ನಾಲ್ಕನೆಯದರಲ್ಲಿ. ಹೋಲಿಸುವವನ ಕೈಗೆ ಬರುವುದು ಪದವೂ ಅಲ್ಲ, ಪದದ ವಿಳಾಸವೂ ಅಲ್ಲ, ಆ ವಿಳಾಸ ಬರೆದಿಟ್ಟ ಜಾಗದ ವಿಳಾಸ. ವಾಮದಪದವು ಪೇಟೆಯಲ್ಲಿ ಬಸ್ಸಿಳಿದ ಹೊಸಬರು ಯಾರದೋ ಮನೆ ಕೇಳಿದರೆ ರಿಕ್ಷಾದವರು "ಆ ಅಂಗಡಿಯಲ್ಲಿ ಕೇಳಿ, ಅವರು ಹೇಳ್ತಾರೆ" ಎನ್ನುತ್ತಾರಲ್ಲ, ಹಾಗೆ. ಅಂಗಡಿಯನ್ನೇ ಮನೆ ಎಂದುಕೊಂಡು ಚಪ್ಪಲಿ ಬಿಟ್ಟು ಒಳಹೋಗಬಾರದು. ಪದಗಳನ್ನು ಹೋಲಿಸುವ ಲೈಬ್ರರಿಯ ಸ್ಟ್ರ್‌ಕಂಪನ್ನೇ ಕ್ಯಾಸ್ಟ್ ಮಾಡಿ ಅಲ್ಲಿಗೆ ತುರುಕಿದರೆ ಆಗುವುದು ಅದೇ: ಪದಗಳನ್ನು ಬಿಟ್ಟು ವಿಳಾಸಗಳ ಬೈಟುಗಳನ್ನು ಹೋಲಿಸುತ್ತ ಕೂರುತ್ತದೆ. ನಡುವೆ ಒಂದು ನಕ್ಷತ್ರ ಚಿಹ್ನೆ ಹಾಕಿ ಒಂದು ಹೆಜ್ಜೆ ಮುಂದೆ ಹೋಗಬೇಕು.

ಹೋದರೂ ಕನ್ನಡದ ತಂಟೆ ಮುಗಿಯದು. ಯೂನಿಕೋಡಿನಲ್ಲಿ ಳಕಾರ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲೇ ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹಾಗಾಗಿ ಸ್ಟ್ರ್‌ಕಂಪ್ ಬಸಳೆಗಿಂತ ಬಳೆಯನ್ನು ಮೊದಲಿಡುತ್ತದೆ. ನಿಘಂಟಿನಲ್ಲಿ ಬಸಳೆ ಮೊದಲು. ಳಕಾರವನ್ನು ಹಿಂದಕ್ಕೆ ಕಳಿಸುವ ಹೋಲಿಕೆಯ ಫಂಕ್ಷನ್ ನಾನೇ ಬರೆದುಕೊಂಡು, ನಾಲ್ಕನೇ ಜಾಗದಲ್ಲಿ ಅದರ ಹೆಸರನ್ನಷ್ಟೇ, ಆವರಣವಿಲ್ಲದೆ, ಕೊಟ್ಟಿದ್ದೇನೆ. ಕ್ಯೂಸಾರ್ಟಿಗೆ ಕನ್ನಡ ಬರಬೇಕೆಂದಿಲ್ಲ; ಯಾರನ್ನು ಕೇಳಬೇಕೆಂದು ಗೊತ್ತಿದ್ದರೆ ಸಾಕು. ಇನ್ನು ಅನುಸ್ವಾರದ ಪಂಚಾಯಿತಿ ಬಾಕಿ ಇದೆ: ಯೂನಿಕೋಡಿನಲ್ಲಿ ಅದು ಅಕಾರಕ್ಕೂ ಮುಂಚೆ ಬಂದು ಕೂತಿದೆ.