ಕಹಿ ಬೇರೆ, ಕಿಕ್ ಬೇರೆ

ಸುಗ್ಗಿಯಲ್ಲಿ ಗದಗಿನ ಎಪಿಎಂಸಿಗೆ ಹೋದವರಿಗೆ ಗೊತ್ತು, ಮೆಣಸಿನಕಾಯಿಯ ಬಣ್ಣ ನೋಡಿ ಖಾರ ಹೇಳಲು ಬರುವುದಿಲ್ಲ. ಬ್ಯಾಡಗಿ ಡಬ್ಬಿ ಸಾರನ್ನೆಲ್ಲ ಕೆಂಪಗೆ ಮಾಡುತ್ತದೆ, ನಾಲಿಗೆಯನ್ನು ಸುಡುವುದಿಲ್ಲ. ಗುಂಟೂರಿನದು ಬಣ್ಣದಲ್ಲಿ ಹಿಂದೆ, ಖಾರದಲ್ಲಿ ಮುಂದೆ. ದಲಾಲರಿಂದ ಹಿಡಿದು ಶಿರಹಟ್ಟಿ ಸಂತೆಯಲ್ಲಿ ಅರ್ಧ ಕಿಲೋ ಕಟ್ಟಿಸಿಕೊಳ್ಳುವ ಅಜ್ಜಿಯ ತನಕ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಜಾಣ ಜನ ಬಿಯರ್ ಮಾತು ಬಂದರೆ ಮಾತ್ರ ಕಹಿ ಇದ್ದದ್ದು ಸ್ಟ್ರಾಂಗ್, ಕಪ್ಪಗಿದ್ದದ್ದು ಇನ್ನೂ ಸ್ಟ್ರಾಂಗ್ ಎಂದುಬಿಡುತ್ತಾರೆ.

ಮುಂಡರಗಿಯ ನನ್ನ ಅಕ್ಕನ ಮಗನೂ ಹಾಗೇ ಅಂದ. ಬೆಂಗಳೂರಿನಲ್ಲಿ ಅವನ ನೌಕರಿ. ಅಲ್ಲೇ ಬಿಯರ್ ಕುದಿಸಿ ಅಲ್ಲೇ ಮಾರುವ ಒಂದು ಪಬ್ಬಿಗೆ ಕರೆದುಕೊಂಡು ಹೋಗಿದ್ದ. ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ, ಒಂದು ಗುಟುಕು ಕುಡಿದವನೇ, "ಮಾಮಾ, ಭಾಳ ಕಹಿ ಐತ್ರಿ. ಜಲ್ದಿ ಏರತೈತಿ ನೋಡ್ರಿ," ಎಂದ. ಗೋಡೆಯ ಹಲಗೆಯ ಮೇಲೆ ಬರೆದದ್ದು ಸೆಷನ್ ಐಪಿಎ, ಮದ್ಯಾಂಶ ನೂರಕ್ಕೆ ಐದರ ಒಳಗೆ. "ತಮ್ಮಾ, ಊರಾಗ ನೀ ತರೋ ಸ್ಟ್ರಾಂಗ್ ಬಾಟ್ಲಿ ಇದಕ್ಕಿಂತ ಏರತೈತಿ," ಎಂದೆ. ನಂಬಲಿಲ್ಲ.

ಲೆಕ್ಕ ನೋಡಿ. ನಮ್ಮ ದೇಶದ ನಿಯಮದಲ್ಲಿ ನೂರಕ್ಕೆ 5ರ ತನಕ ಮದ್ಯಾಂಶವಿದ್ದರೆ ಮೈಲ್ಡ್, ಅಲ್ಲಿಂದ 8ರ ತನಕ ಸ್ಟ್ರಾಂಗ್. 8ರ ಸ್ಟ್ರಾಂಗಿನ 650 ಮಿಲೀ ಬಾಟ್ಲಿಯೊಳಗೆ ಅಚ್ಚ ಆಲ್ಕೋಹಾಲ್ 52 ಮಿಲೀ. 60 ಮಿಲೀಯ ಎರಡು ಪೆಗ್ ವಿಸ್ಕಿಯಲ್ಲಿ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಆ ಬಾಟ್ಲಿಯಲ್ಲಿ ಹಾಪ್ಸ್ ಕಡಿಮೆ, ಕಹಿ ಕಡಿಮೆ. ಸಲೀಸಾಗಿ ಇಳಿಯುತ್ತದೆ, ಕುಡಿದವನಿಗೆ ಅಳತೆ ತಿಳಿಯುವುದಿಲ್ಲ. ಬೈಕ್ ಹತ್ತಿ ಲಕ್ಷ್ಮೇಶ್ವರದ ದಾರಿ ಹಿಡಿಯುವ ಹುಡುಗರನ್ನು ಕಂಡಾಗ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಕಹಿ ಹುಟ್ಟುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಚಳಿ ನಾಡಿನ ಬೆಳೆ. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಬಾರ್ಲಿ ಮಾಲ್ಟಿನ ಸಿಹಿ ರಸದೊಳಗೆ ಹಾಪ್ಸನ್ನು ಬಹಳ ಹೊತ್ತು ಕುದಿಸಿದರೆ ಕಹಿ ಬಿಡುತ್ತದೆ. ಕೊನೆಗೆ ಹಾಕಿದರೆ, ಇಲ್ಲವೇ ತಣಿದ ಮೇಲೆ ನೆನೆಹಾಕಿದರೆ, ಕಹಿಗಿಂತ ಪರಿಮಳವೇ ಹೆಚ್ಚು. ಈ ಕಹಿಯನ್ನು ಅಳೆಯುವ ಅಂಕಿ ಐಬಿಯು. ಕಿಕ್ ಅಳೆಯುವುದು ಎಬಿವಿ, ಅದು ಯೀಸ್ಟ್ ತಿಂದು ಮುಗಿಸಿದ ಸಕ್ಕರೆಯ ಫಲ. ಒಂದು ಏರಿದರೆ ಇನ್ನೊಂದು ಏರಲೇಬೇಕು ಎಂಬುದೇನಿಲ್ಲ.

ಭಾರತಕ್ಕೆ ಬರುವ ಹಡಗಿನಲ್ಲಿ ಕೆಡದಿರಲೆಂದು ಹಾಜ್ಸನ್ ಎಂಬಾತ ಹೊಸದಾಗಿ ಕಂಡುಹಿಡಿದ ವಿಪರೀತ ಸ್ಟ್ರಾಂಗ್ ಬಿಯರೇ ಐಪಿಎ ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ನಾನು ಒಪ್ಪುವುದಿಲ್ಲ. ಪೇಲ್ ಏಲ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಜಾರ್ಜ್ ಹಾಜ್ಸನ್ನನ ಬೋ ಬ್ರೂವರಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಹಡಗುಗಳ ಕಟ್ಟೆಗೆ ಹತ್ತಿರವಿತ್ತು, ಆ ಮನೆತನ ಕಪ್ತಾನರಿಗೆ ಧಾರಾಳವಾಗಿ ಉದ್ರಿ ಕೊಡುತ್ತಿತ್ತು. ವ್ಯಾಪಾರ ಕುದುರಿದ್ದು ಹಾಗೆ. ಹಾಪ್ಸ್ ಹೆಚ್ಚು ಹಾಕುತ್ತಿದ್ದದ್ದು ನಿಜ, ಅದು ಹುಳಿಯಾಗುವುದನ್ನು ತಡೆಯುತ್ತದೆ. ಮದ್ಯಾಂಶ ಮಾತ್ರ ಆರು-ಏಳರ ಆಸುಪಾಸು, ಆ ಕಾಲಕ್ಕೆ ಅದೇನೂ ಹೆಚ್ಚಲ್ಲ. 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋ ಗದಗ, ಡಂಬಳದ ಕೋಟೆಗಳನ್ನು ಹಿಡಿದಾಗ ಈ ಪೀಪಾಯಿಗಳು ಆಫ್ರಿಕಾವನ್ನು ಬಳಸಿ ತಿಂಗಳುಗಟ್ಟಲೆ ತೇಲಿ ಭಾರತದ ಬಂದರುಗಳಿಗೆ ಬರುತ್ತಿದ್ದವು. ಕೆಲವೇ ವರ್ಷಗಳಲ್ಲಿ ಬರ್ಟನ್ ಊರಿನ ಆಲ್ಸಪ್, ಬಾಸ್ ಕಂಪನಿಗಳು ಹಾಜ್ಸನ್‌ರನ್ನು ಹಿಂದೆ ಹಾಕಿದವು. ಬರ್ಟನ್ ನೀರಿನ ಜಿಪ್ಸಂ ಹಾಪ್ಸ್ ಕಹಿಯನ್ನು ಚೊಕ್ಕವಾಗಿ ಎತ್ತಿ ತೋರಿಸುತ್ತಿತ್ತು.

ಇವತ್ತಿನ ಐಪಿಎಗೆ ಅಮೆರಿಕದ ಗುಣವೇ ಹೆಚ್ಚು. 1972ರಲ್ಲಿ ಬಂದ ಕ್ಯಾಸ್ಕೇಡ್ ಹಾಪ್ಸಿನ ಕಿತ್ತಳೆ-ಚಕ್ಕೋತದಂಥ ವಾಸನೆ ದಾರಿ ತೆರೆಯಿತು. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆರ್ಬರ್ ಬ್ರೂಯಿಂಗ್ ಕಂಪನಿ ಆ ಅಮೆರಿಕದ ರುಚಿಯನ್ನು ಕನ್ನಡ ನಾಡಿಗೆ ತಂದವರಲ್ಲಿ ಒಂದು. ಐಪಿಎಯ ಹೆಸರಿನಲ್ಲಿ ವೆಸ್ಟ್ ಕೋಸ್ಟ್ ಎಂದಿದ್ದರೆ ತಿಳಿ, ಒಣ, ಗಟ್ಟಿ ಕಹಿ, ಮದ್ಯಾಂಶ ಆರು-ಏಳು. ಅಮೆರಿಕದ ವರ್ಮಾಂಟ್ ಕಡೆ ಹುಟ್ಟಿದ ಹೇಜಿ ಐಪಿಎಗೆ ಓಟ್ಸ್ ಅಥವಾ ಗೋಧಿ ಬೀಳುವುದರಿಂದ ಅದು ಮಂದ, ಮಾವಿನ ಪರಿಮಳ, ಕಹಿ ಸೌಮ್ಯ. ಸೌಮ್ಯ ಎಂದು ಗಟಗಟ ಕುಡಿಯುವಂತಿಲ್ಲ, ಅದರ ಮದ್ಯಾಂಶವೂ ಆರರಿಂದ ಶುರು. ಡಬಲ್ ಎಂದರೆ ಏಳೂವರೆಯಿಂದ ಹತ್ತು. ಬ್ಲ್ಯಾಕ್ ಐಪಿಎಯ ಕಪ್ಪು ಹುರಿದ ಮಾಲ್ಟಿನದು, ಕಿಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಅಕ್ಕನ ಮಗ ಕೊನೆಗೆ ಕೇಳಿದ್ದು, "ನಮ್ಮ ಗದಗ ಬದನೀಕಾಯಿ ಬಜಿಗೆ ಯಾವುದು ಹೊಂದತೈತ್ರಿ?" ಒಳ್ಳೆಯ ಪ್ರಶ್ನೆ. ಖಾರದ ಮಿರ್ಚಿ ಬಜಿಗಾದರೆ ವೆಸ್ಟ್ ಕೋಸ್ಟ್ ಬೇಡ, ಡಬಲ್ ಅಂತೂ ಬೇಡವೇ ಬೇಡ. ಹಾಪ್ಸಿನ ಕಹಿ, ಆಲ್ಕೋಹಾಲ್ ಎರಡೂ ಖಾರದ ಉರಿಯನ್ನು ಹೆಚ್ಚಿಸುತ್ತವೆ. ಬದನೆಕಾಯಿ ಬಜಿಯ ಎಣ್ಣೆಯ ಜಿಡ್ಡಿಗೆ ಸೆಷನ್ ಐಪಿಎ ಸರಿ, ಅದೂ ತಣ್ಣಗಿದ್ದು, ಒಂದೇ ಗ್ಲಾಸು.