ಪಾಲಿಶ್ ಆದ್ಮೇಲೆ ಒಂದ್ಸಲ ಒರೆಸಿ ನೋಡಿ

ಪಾಲಿಶ್ ಮೆಷಿನ್ ಕೆಳಗಿಟ್ಟ ತಕ್ಷಣ ಎಂಥ ಹಳೇ ಕಾರಾದ್ರೂ ಶೋರೂಮಿನಿಂದ ಈಗ ತಾನೇ ಬಂದಂತೆ ಕಾಣುತ್ತೆ. ಆದರೆ ಆ ಹೊಳಪಿನಲ್ಲಿ ಬಣ್ಣದ್ದೆಷ್ಟು, ಎಣ್ಣೆಯದೆಷ್ಟು ಅನ್ನೋದು ಆಗ ಗೊತ್ತಾಗಲ್ಲ.

ನನ್ನ ಚಿಕ್ಕಪ್ಪನ ಮಗ ಕೊಳ್ಳೇಗಾಲದಲ್ಲಿ ವಾಟರ್ ಸರ್ವಿಸ್ ಇಟ್ಕೊಂಡಿದ್ದಾನೆ. ಸಾಲ ಮಾಡಿ ಪಾಲಿಶ್ ಮೆಷಿನ್ನೂ ತಂದ. ನಮ್ಮ ಕಡೆ ಅದಕ್ಕೆ ಕೆಲಸ ಇದ್ದೇ ಇದೆ. ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗಿಬರೋ ಕಾರುಗಳು, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತೋ ಕಾರುಗಳು, ಕರಿಕಲ್ಲು ಕ್ವಾರಿ ಲಾರಿ ಹಿಂದೆ ಧೂಳು ತಿಂದು ಬರೋ ಕಾರುಗಳು. ಆ ಧೂಳನ್ನ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಬಣ್ಣದ ಮೇಲೆ ಜೇಡರ ಬಲೆಯಂಥ ಸಣ್ಣ ಗೀರುಗಳು ಬೀಳ್ತವೆ.

ಕಳೆದ ದೀಪಾವಳಿ ಜಾತ್ರೆಗೆ ಮುಂಚೆ ಒಂದು ಕಪ್ಪು ಕಾರಿಗೆ ಪಾಲಿಶ್ ಮಾಡಿ, ಸೀಲಂಟ್ ಹಾಕಿ ಕೊಟ್ಟಿದ್ದ. ಮೂರ್ನಾಲ್ಕು ಸಲ ತೊಳೆಯೋ ಹೊತ್ತಿಗೆ ಗೀರುಗಳೆಲ್ಲ ವಾಪಸ್! ಗಿರಾಕಿ ಅಂಗಡಿ ಮುಂದೆ ನಿಂತು ‘ದುಡ್ಡು ತಿಂದೆ’ ಅಂತ ಕೂಗಾಡಿ ಹೋದರು. ಕೊಳ್ಳೇಗಾಲದಂಥ ಊರಲ್ಲಿ ಇಂಥ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಟೀ ಅಂಗಡಿ ಮುಟ್ಟುತ್ತೆ. ಸಾಲದ ಕಂತು ಕಟ್ಟೋನಿಗೆ ಅದು ಸಣ್ಣ ವಿಷಯ ಅಲ್ಲ.

‘ಅಣ್ಣ, ನಾನು ಮೋಸ ಮಾಡ್ಲಿಲ್ಲ ಕಣಣ್ಣ. ಗೀರು ಹೋಗಿದ್ದ ನನ್ನ ಕಣ್ಣಾರೆ ನೋಡಿವ್ನಿ’ ಅಂತ ಫೋನ್ ಮಾಡಿದ.

ಅವನು ನೋಡಿದ್ದು ಸುಳ್ಳಲ್ಲ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ. ಗೀರುಗಳು ಇರೋದು ಅದರಲ್ಲೇ. ಪಾಲಿಶ್‌ನಲ್ಲಿರುವ ಸಣ್ಣ ಕಣಗಳು ಆ ಪದರವನ್ನು ಚೂರೇ ಚೂರು ಸವೆಸಿ ಮಟ್ಟ ಮಾಡ್ತವೆ. ಮೆಷಿನ್ ಸಲೀಸಾಗಿ ಓಡಲಿ ಅಂತ ಪಾಲಿಶ್‌ಗೆ ಎಣ್ಣೆಯನ್ನೂ ಸೇರಿಸಿರ್ತಾರೆ. ಸವೆಯದೆ ಉಳಿದ ಗೀರುಗಳಲ್ಲಿ ಈ ಎಣ್ಣೆ ತುಂಬಿಕೊಂಡರೆ ಬೆಳಕು ಚದುರಲ್ಲ, ಗೀರು ಕಾಣಲ್ಲ. ಶಾಂಪೂ ಹಾಕಿ ನಾಲ್ಕು ಸಲ ತೊಳೆದಾಗ ಎಣ್ಣೆ ಹೋಗುತ್ತೆ, ಗೀರು ಎದ್ದು ಕಾಣುತ್ತೆ. ಸೀಲಂಟ್ ಕೂಡ ಬಣ್ಣಕ್ಕೆ ಅಂಟೋ ಬದಲು ಎಣ್ಣೆ ಮೇಲೆ ಕೂತಿರುತ್ತೆ, ಹೆಚ್ಚು ದಿನ ನಿಲ್ಲಲ್ಲ.

ರೇಷ್ಮೆ ಊರಿನವನಿಗೆ ಇದನ್ನ ಹೇಳೋದು ಸುಲಭ. ಕಚ್ಚಾ ರೇಷ್ಮೆ ನೂಲಿನ ಮೇಲಿರುವ ಅಂಟನ್ನು ಸೋಪಿನ ನೀರಲ್ಲಿ ಕುದಿಸಿ ತೆಗೆಯದಿದ್ದರೆ ಬಣ್ಣ ಸರಿಯಾಗಿ ಹಿಡಿಯಲ್ಲ. ಇಲ್ಲೂ ಅಷ್ಟೇ, ಮೊದಲು ಎಣ್ಣೆ ಹೋಗಬೇಕು.

ಅದಕ್ಕೆ ಬೇಕಾಗಿರೋದು ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸ್ತಾರಲ್ಲ, ಅದೇ ಐಪಿಎ. ಆ ಶನಿವಾರ ಊರಿಗೆ ಹೋದಾಗ ಒಂದು ಪಾಲು ಐಪಿಎಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿದೆವು. ಬೋರ್‌ವೆಲ್ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯಬಹುದು. ಬ್ಯಾಟರಿಗೆ ಹಾಕೋ ನೀರೇ ಸಾಕು. ಚಿಕ್ಕಪ್ಪನ ಹಳೇ ಕಾರಿನ ಬಾನೆಟ್ ಮಧ್ಯಕ್ಕೆ ಟೇಪ್ ಅಂಟಿಸಿ ಎರಡೂ ಕಡೆ ಪಾಲಿಶ್ ಮಾಡಿದ. ಒಂದು ಕಡೆ ಮಾತ್ರ ಐಪಿಎ ಸ್ಪ್ರೇ ಮಾಡಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಇನ್ನೊಂದು ಒಣಬಟ್ಟೆಯಲ್ಲಿ ಮುಗಿಸಿದೆವು. ಟಾರ್ಚ್ ಬಿಟ್ಟರೆ ಒರೆಸಿದ ಕಡೆ ಗೀರುಗಳು, ಒರೆಸದ ಕಡೆ ಕನ್ನಡಿ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹಿಂಗೆ ಒರೆಸಿ ಒರೆಸಿ ಇನ್ನೊಂದಪ ಪಾಲಿಶ್ ಹೊಡೀತಾ ಕೂತ್ರೆ ದಿನಕ್ಕೆ ಒಂದೇ ಕಾರು ಆಯ್ತದಣ್ಣ. ಅದ್ಕೆ ರೇಟ್ ಯಾರ್ ಕೊಟ್ಟಾರು?’ ಅಂದ.

ನ್ಯಾಯವಾದ ಪ್ರಶ್ನೆ. ಕಾಣದ ಕೆಲಸಕ್ಕೆ ಕಾಸು ಕೇಳೋದು ಕಷ್ಟ. ನಮ್ಮ ಆಫೀಸಿನಲ್ಲೂ ಹೊಸ ಫೀಚರ್‌ಗೆ ಸಿಗೋ ಚಪ್ಪಾಳೆ ಟೆಸ್ಟಿಂಗ್‌ಗೆ ಸಿಗಲ್ಲ. ಹಾಗಾಗಿ ‘ಆ ಕೆಲಸ ಕಾಣೋ ಹಾಗೆ ಮಾಡು’ ಅಂದೆ.

ಈಗ ಅವನು ಸೀಲಂಟ್‌ಗೆ ಮುಂಚೆ ಗಿರಾಕಿಯನ್ನ ಕರೆದು, ಎದುರಿಗೇ ಒರೆಸಿ, ಟಾರ್ಚ್ ಬಿಟ್ಟು ತೋರಿಸ್ತಾನೆ. ಉಗುರಿಗೆ ತಗಲುವಷ್ಟು ಆಳದ ಗೀರು ಪಾಲಿಶ್‌ಗೆ ಹೋಗಲ್ಲ ಅಂತ ಮೊದಲೇ ಹೇಳ್ತಾನೆ. ಆ ಕಪ್ಪು ಕಾರನ್ನ ಕಾಸಿಲ್ಲದೆ ಮತ್ತೆ ಮಾಡಿಕೊಟ್ಟ. ಭಾನುವಾರ ಎರಡು ಕಾರು ಆಗುತ್ತಿದ್ದ ಕಡೆ ಈಗ ಒಂದೇ. ರೇಟು ಸ್ವಲ್ಪ ಏರಿಸಿದ್ದಾನೆ. ಕೆಲವರು ಚೌಕಾಸಿ ಮಾಡಿ ವಾಪಸ್ ಹೋಗ್ತಾರೆ, ಕೆಲವರು ಒಪ್ಪುತ್ತಾರೆ.

ನೀವೇ ಮಾಡಿಕೊಳ್ಳೋದಾದ್ರೆ ಕಾರು ನೆರಳಲ್ಲಿರಲಿ, ಬಾನೆಟ್ ತಣ್ಣಗಿರಲಿ. ಬಿಸಿ ಇದ್ದರೆ ದ್ರಾವಣ ಒರೆಸೋ ಮುಂಚೆಯೇ ಆರಿ ಹೋಗುತ್ತೆ. ಹೊಸದಾಗಿ ಪೇಂಟ್ ಹೊಡೆಸಿದ ಭಾಗಕ್ಕೆ ಐಪಿಎ ತಾಗಿಸಬೇಡಿ. ಬೀಡಿ, ಬೆಂಕಿ ದೂರ ಇರಲಿ. ಅಂಗಡಿಯಲ್ಲಿ ಮಾಡಿಸೋದಾದ್ರೆ ಒಂದೇ ಮಾತು ಕೇಳಿ: ‘ಸೀಲಂಟ್ ಹಾಕೋಕೆ ಮುಂಚೆ ಒರೆಸಿ ತೋರಿಸ್ತೀರಾ?’ ತೋರಿಸಿದವರಿಗೆ ನೂರಿನ್ನೂರು ಹೆಚ್ಚು ಕೊಟ್ಟರೆ ನಷ್ಟವೇನಿಲ್ಲ.